ಕೀಚಲು ಬ್ರೇಕಿನೊಡನೆ ಬೇಗೂರಿಗೆ

ಆಯುಧಪೂಜೆ ಮುಗಿದ ವಾರ, ಮೋಡ ಮುಚ್ಚಿದ ಬೆಳಿಗ್ಗೆ ಜಯನಗರದಿಂದ ಹೊರಟೆವು. ಸ್ಟಿಯರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ತಮ್ಮ ಸತ್ಯ. ಹಬ್ಬದ ಮರುದಿನದಿಂದ ಕಾರಿನ ಮುಂದಿನ ಬ್ರೇಕು ಕೀಚಲು ಸದ್ದು ಮಾಡುತ್ತಿತ್ತು. ಅರವತ್ತೆಂಟರ ವಯಸ್ಸಿಗೆ ಇದೆಲ್ಲ ಅಪಾಯ, ಕಾರು ಮಾರಿ ಆಟೋದಲ್ಲಿ ಓಡಾಡು ಎಂಬುದು ಸತ್ಯನ ವಾದ. ಸದ್ದಿನ ಕಾರಣ ತಿಳಿಯುವವರೆಗೆ ಆ ಮಾತೇ ಬೇಡ ಎಂದಿದ್ದೆ. ಬೇಗೂರಿನ ಪರಿಚಯದ ಗ್ಯಾರೇಜಿಗೆ ಹದಿಮೂರು ಕಿಲೋಮೀಟರಿನಷ್ಟು ದಾರಿ.

ಜೆ.ಪಿ. ನಗರದ ಖಾಲಿ ಅಡ್ಡರಸ್ತೆಯಲ್ಲಿ ಕಿಟಕಿ ಇಳಿಸಿ ಕೇಳಿದೆ. ಬ್ರೇಕ್ ಒತ್ತಿದಾಗ ಮಾತ್ರ ಸದ್ದು. ತಿರುವಿನಲ್ಲಿ ಇಲ್ಲ, ಸುಮ್ಮನೆ ಓಡುವಾಗಲೂ ಇಲ್ಲ. ಹಾಗಾದರೆ ಗಾಲಿಯ ಬೇರಿಂಗ್ ಅಲ್ಲ, ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡಿನದೇ ತಕರಾರು. ಅಲ್ಲಿಂದ ನಿಧಾನವಾಗಿ ಹೋದೆ.

ಅರೆಕೆರೆಯಲ್ಲಿ ಸತ್ಯನ ಒತ್ತಾಯಕ್ಕೆ ಒಂದು ದೊಡ್ಡ ಸರ್ವೀಸ್ ಸೆಂಟರಿನ ಮುಂದೆ ನಿಲ್ಲಿಸಿದೆ. ಅಲ್ಲಿಯವನು ಗಾಲಿ ಬಿಚ್ಚದೆಯೇ, ಡಿಸ್ಕ್, ಪ್ಯಾಡ್ ಎರಡೂ ಹೋಗಿವೆ ಎಂದ. ಬಿಚ್ಚಿ ತೋರಿಸಿ ಎಂದೆ. ಅವನು ಸತ್ಯನ ಕಡೆ ತಿರುಗಿದ.

“ಸಾರ್, ಆಂಟಿಗೆ ಟೆಕ್ನಿಕಲ್ ಎಲ್ಲ ಅರ್ಥ ಆಗಲ್ಲ.”

“ಓಡಿಸ್ಕೊಂಡ್ ಬಂದಿರೋದು ಆಂಟಿ. ಆಂಟಿಗೇ ಹೇಳಪ್ಪ,” ಎಂದೆ ನಾನು.

ಅವನು ಇನ್ನೊಂದು ಕಾರಿನ ಕಡೆ ನಡೆದ. ಹೊರಟೆವು. ಹುಳಿಮಾವಿನಲ್ಲಿ ಕಾಫಿ, ಮಸಾಲೆ ವಡೆ. ವಡೆ ಬಿಸಿಯಿತ್ತು, ಕಾಫಿ ಇರಲಿಲ್ಲ.

ಬೇಗೂರಿನಲ್ಲಿ ಗ್ಯಾರೇಜಿನ ಮುನಿರಾಜು ಗಾಲಿ ಬಿಚ್ಚಿದರು. ಡಿಸ್ಕಿನಲ್ಲಿ ಗೀರಿಲ್ಲ, ಪ್ಯಾಡ್ ಇನ್ನೂ ದಪ್ಪಗಿದೆ. ಕಲ್ಲು ಸಿಕ್ಕಿರಬೇಕೆಂದು ಅವರು ಹುಡುಕತೊಡಗಿದರು. ನಾನು ಬಗ್ಗಿ ನೋಡಿದೆ. ಗಾಲಿಯ ಒಳಗೆಲ್ಲ ಕುಂಕುಮ ಜಿಡ್ಡಿಗೆ ಅಂಟಿತ್ತು. ಬೆರಳಿನಿಂದ ತೆಗೆದು ಮೂಸಿದೆ: ಕೊಬ್ಬರಿ ಎಣ್ಣೆ.

ಹಬ್ಬದ ದಿನ ಕಾರು ತೊಳೆದು ಸಿಂಗರಿಸಿದವನು ಸತ್ಯ. ಅವನ ಮುಖ ನೋಡಿದೆ.

“ಗಾಲಿ ಹೊಳೀಲಿ ಅಂತ ಸ್ವಲ್ಪ ಹಚ್ದೆ ಅಕ್ಕ.”

“ಸ್ವಲ್ಪ ಅಲ್ಲ ಸಾರ್, ಎಣ್ಣೆಸ್ನಾನಾನೇ ಮಾಡ್ಸಿದೀರ,” ಎಂದರು ಮುನಿರಾಜು.

ಎಣ್ಣೆ ಕುಡಿದೇ ಕೀಚುತ್ತಿದ್ದ ಪ್ಯಾಡುಗಳನ್ನು ಎರಡೂ ಕಡೆ ಬದಲಾಯಿಸಿದರು. ಡಿಸ್ಕುಗಳನ್ನು ಒರೆಸಿ ಅವನ್ನೇ ಉಳಿಸಿದರು. ಹೊಸ ಪ್ಯಾಡ್ ಸರಿಯಾಗಿ ಕೂರುವವರೆಗೆ ಸ್ವಲ್ಪ ದೂರ ಮೆತ್ತಗೆ ಬ್ರೇಕ್ ಹಿಡಿಯುತ್ತ ಓಡಿಸಬೇಕು ಎಂದರು.

ವಾಪಸು ತಾನು ಓಡಿಸುತ್ತೇನೆಂದು ಸತ್ಯ ಕೀಗೆ ಕೈ ಚಾಚಿದ. ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೋ ಎಂದೆ. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಕಾರು ಮಾರುವ ಮಾತು ಬರಲಿಲ್ಲ. ಜಯನಗರಕ್ಕೆ ಎಡಕ್ಕೆ ಹೊರಳಬೇಕಾದ ಸಿಗ್ನಲಿನಲ್ಲಿ ಸದ್ದಿಲ್ಲದೆ ನಿಂತೆವು. ಹಸಿರು ದೀಪ ಬಂತು. ನೇರ ಹೋದೆ.

“ಮನೆ ಆ ಕಡೆ ಅಕ್ಕ.”

“ಗೊತ್ತು. ಪ್ಯಾಡ್ ಇನ್ನೂ ಕೂರ್ಬೇಕು.”