ಬನದ ನಡುವೆ ನೇರ ದಾರಿ

ಮೋಕಲ್‌ನಿಂದ ಸಾಂಖಲಗಢಕ್ಕೆ ಹೋಗುವ ರಾಜ್ಯ ಹೆದ್ದಾರಿ ನೂರ ಹದಿನೆಂಟು ಕಿಲೋಮೀಟರು. ಇಪ್ಪತ್ತಾರು ವರ್ಷ ಅದರ ಮೇಲೆ ಬಸ್ ಕಂಡಕ್ಟರಾಗಿ ಓಡಾಡಿದ್ದೇನೆ. ಕಣ್ಣು ಮುಚ್ಚಿ ಕೂತರೂ ಬಸ್ಸು ವಾಲುವುದರ ಮೇಲೆಯೇ ಯಾವ ಊರು ಬಂತೆಂದು ಹೇಳಬಲ್ಲೆ. ಮರಳುದಿಬ್ಬಗಳ ಬುಡ ಹಿಡಿದು, ಬಾವಿಯಿಂದ ಬಾವಿಗೆ ಬಳಸಿಕೊಂಡು ಹೋಗುವ ದಾರಿ ಅದು. ನಮ್ಮ ರಾಣಾಸರ್ ದಾಟಿದ ಮೇಲೆ ಮಾತ್ರ ಎರಡು ಕಿಲೋಮೀಟರು ಸೀದಾ ಓಡುತ್ತದೆ. ಡ್ರೈವರುಗಳಿಗೆ ಆ ಎರಡು ಕಿಲೋಮೀಟರೆಂದರೆ ಬಲು ಪ್ರೀತಿ. ನನಗೆ ಅಲ್ಲಿಗೆ ಬಂದಾಗಲೆಲ್ಲ ಮೈ ಉರಿಯುತ್ತದೆ.

ಮೋಕಲ್‌ನಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಉದ್ಘಾಟಿಸಿದ ಮಂತ್ರಿಯ ಹೆಸರಿದೆ, ಅಧ್ಯಕ್ಷತೆ ವಹಿಸಿದವನ ಹೆಸರಿದೆ, ಹಾರ ಹಾಕಿಸಿಕೊಂಡು ಊಟ ಮಾಡಿ ಹೋದವನ ಹೆಸರೂ ಇದೆ. ದಾರಿ ಹುಡುಕಿಕೊಟ್ಟ ಓಬಾರಾಮನ ಹೆಸರಿಲ್ಲ.

ಓಬಾರಾಮ ನಮ್ಮ ಪಕ್ಕದ ಮನೆಯವನು. ಅವರ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಒಂದು ಮುಳ್ಳುಬೇಲಿ, ಅಷ್ಟೆ. ಒಂಟೆ ಸಾಕುವ ರಾಯಿಕಾ ಕುಲ. ಅದರ ಮೇಲೆ ಹೆಜ್ಜೆ ಓದುವ ವಿದ್ಯೆ ಬೇರೆ. ದನ ಕಳುವಾದರೆ ಪೊಲೀಸರು ಅವನ ಮನೆಗೆ ಬರುತ್ತಿದ್ದರು. ಒಮ್ಮೆ ನಮ್ಮ ಚಿಕ್ಕಪ್ಪ ಯಾರದೋ ಹೊಲದ ಕಲ್ಲಂಗಡಿ ಕದ್ದು, ಗುರುತು ಸಿಗದಿರಲೆಂದು ಹಿಂದೆ ಹಿಂದೆ ನಡೆದುಕೊಂಡು ಬಂದಿದ್ದ. ಓಬಾರಾಮ ಬೇಲಿಯಾಚೆಯಿಂದಲೇ, "ಹಣ್ಣು ಹಣ್ಣಾಗಿತ್ತೇನಪಾ? ಹಿಂದಕ್ಕ ನಡದ್ರ ಹಿಮ್ಮಡ ಹೇಳತೈತಿ" ಎಂದು ನಕ್ಕು ಸುಮ್ಮನಾಗಿದ್ದ. ಓದುಬರಹ ಮಾತ್ರ ಅವನಿಗೆ ಬಾರದು.

ಎಪ್ಪತ್ತೆಂಟರಲ್ಲಿ ಭಾರ್ಗವ ಎಂಬ ಎಂಜಿನಿಯರು ಜೀಪಿನಲ್ಲಿ ಬಂದ. ಮೊದಲ ದಿನವೇ ಜೀಪು ಮೂರು ಸಲ ಹೂತಿತು. ನಾಲ್ಕನೆಯ ಸಲ ಓಬಾರಾಮ ಹೋಗಿ, "ಸಾಹೇಬ್ರ, ಇಳೀರಿ, ಒಂಟಿ ಹತ್ರಿ. ಇದೇನು ನಿಮ್ಮ ಮಾವನ ಮನಿ ಅಂಗಳ ಅಲ್ಲ" ಎಂದ. ಮೂರು ತಿಂಗಳು ಜೊತೆಗಿದ್ದು, ಯಾವ ದಿಬ್ಬ ಜ್ಯೇಷ್ಠದ ಗಾಳಿಗೆ ಸರಿಯುತ್ತದೆ, ಯಾವುದು ಮುತ್ತಜ್ಜನ ಕಾಲದಿಂದ ಅಲುಗಿಲ್ಲ, ಎಲ್ಲ ತೋರಿಸಿದ. ಮೋಕಲ್‌ನಿಂದ ನಮ್ಮೂರಿನವರೆಗೆ ಸಾಹೇಬ ಹಾಕಿದ ಗೂಟಗಳೆಲ್ಲ ಓಬಾರಾಮನ ಹೆಜ್ಜೆಯ ಮೇಲೇ ಬಿದ್ದವು.

ಇದಕ್ಕೆಲ್ಲ ಕಾರಣವಿತ್ತು. ಸಾಹೇಬ ಬರುವುದಕ್ಕೆ ಎರಡು ವರ್ಷ ಮೊದಲು ಅವನ ಮಗಳು ತೀಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಕಷ್ಟಕ್ಕಿಟ್ಟುಕೊಂಡಿತು. ಸಾಂಖಲಗಢದ ಆಸ್ಪತ್ರೆಗೆಂದು ಒಂಟೆಗಾಡಿಯಲ್ಲಿ ಕರೆದೊಯ್ಯುವಾಗ ಅರ್ಧ ದಾರಿಯಲ್ಲೇ ಪ್ರಾಣ ಬಿಟ್ಟಳು. ರಸ್ತೆಯಾಗಲೆಂದು ಓಬಾರಾಮನಷ್ಟು ಆಸೆಪಟ್ಟವರು ನಮ್ಮೂರಲ್ಲಿ ಇನ್ನೊಬ್ಬರಿರಲಿಲ್ಲ. ಅವನು ಕೇಳಿಕೊಂಡದ್ದು ಒಂದೇ: ಊರ ಮುಂದಿನ ದೇವರ ಬನಕ್ಕೆ ಕೈ ಹಚ್ಚಬೇಡಿ, ದಕ್ಷಿಣಕ್ಕೆ ಸುತ್ತಿ ಹೋಗಿ.

ಆ ಬನದಲ್ಲಿ ಒಣಗಿದ ಕಡ್ಡಿಯನ್ನೂ ಯಾರೂ ಮುರಿಯುತ್ತಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ಬನ್ನಿ ಮರ. ಬೇಸಿಗೆಯಲ್ಲಿ ಊರಿನ ಒಂಟೆ, ಕುರಿಗಳಿಗೆ ಅದೊಂದೇ ನೆರಳು. ಬೇಲಿಯಿಲ್ಲ, ಕಲ್ಲಿಲ್ಲ. ವರ್ಷಕ್ಕೊಮ್ಮೆ ಮನೆಗೊಂದು ಲೋಟ ಹಾಲು ಎತ್ತಿ, ತಳದಲ್ಲಿ ತೂತಿರುವ ಮಡಕೆಯಲ್ಲಿ ಅದನ್ನು ತೊಟ್ಟಿಕ್ಕಿಸುತ್ತ ಬನ ಸುತ್ತುವುದು. ಹಾಲು ಬಿದ್ದದ್ದೇ ಗಡಿ. ಸಾಹೇಬ ಒಪ್ಪಿಕೊಂಡು, ಗಡಿ ಎಲ್ಲಿದೆ ಎಂದಾಗ ಓಬಾರಾಮ ಹಬ್ಬವಲ್ಲದ ದಿನ ಊರಿಂದ ಹಾಲೆತ್ತಿಸಿ, ಮಡಕೆ ಹೊತ್ತು ಸುತ್ತಿ ತೋರಿಸಿದ. ಹಿಂದೆಯೇ ಸಾಹೇಬನ ಆಳುಗಳು ಗೂಟ ಹೊಡೆಯುತ್ತ ಬಂದರು. ಜೊತೆಗೆ ಪುಸ್ತಕ ಹಿಡಿದು ನಡೆದವನು ಪಟವಾರಿ ಮುರಾರದಾನ, ಊರಿನ ಜಮೀನಿನ ಲೆಕ್ಕಿಗ. ಅವನೂ ಓಬಾರಾಮನೂ ಪೇಟ ಬದಲಿಸಿಕೊಂಡು ಅಣ್ಣತಮ್ಮಂದಿರಾದವರು.

"ಒಂದು ಕಾಗದ ಬರೆದು ಕೊಡಲೇನ್ರೀ?" ಎಂದು ಸಾಹೇಬನೇ ಕೇಳಿದ್ದುಂಟು.

"ಹಾಲು ಬಿದ್ದಮ್ಯಾಲ ಕಾಗದ ಯಾಕ್ರೀ ಸಾಹೇಬ್ರ? ತುಳಿಯಾವ ಯಾರದಾನ?" ಎಂದ ಓಬಾರಾಮ.

ಮೂಢ! ಎಂಥ ಒಳ್ಳೆಯ ಮೂಢ! ಸುತ್ತಮುತ್ತ ಎಲ್ಲ ಕಡೆ ಯಾರಾದರೊಬ್ಬರ ಹೊಲ, ತಕರಾರು. ಯಾರ ಹೆಸರಿನಲ್ಲೂ ಇಲ್ಲದ ನೆಲ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಅಲ್ಲಿಯವರೆಗೆ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಇವನೇ ಹಾಲು ಸುರಿದು ತೋರಿಸಿದ. ಮುರಾರದಾನ ಆ ಗೂಟಗಳ ಒಳಗಿನದೆಲ್ಲ ಸರ್ಕಾರದ ಬೀಳು ಭೂಮಿ ಎಂದು ಬರೆದ. ಭಾರ್ಗವನಿಗೆ ವರ್ಗವಾಯಿತು. ಅವನ ಜಾಗಕ್ಕೆ ಬಂದವನು ನಕ್ಷೆಯ ಮೇಲೆ ಅಡಿಕೋಲಿಟ್ಟು ಬನದ ನಡುವೆಯೇ ಒಂದು ಗೆರೆ ಎಳೆದ.

ಕೊಡಲಿಯ ಸದ್ದು ಕೇಳಿದ ದಿನ ಓಬಾರಾಮ ಓಡಿದ. ಅಷ್ಟರಲ್ಲಿ ನಲವತ್ತು ಮರ ಮಲಗಿದ್ದವು. ಅಲ್ಲಿಂದ ನೇರ ಮುರಾರದಾನನ ಮನೆಗೆ ಹೋದ. ನಾನೂ, ನಮ್ಮಪ್ಪನೂ ಹಿಂದೆ ಹೋದೆವು.

"ದಾದಾ, ನನ್ನ ಪೇಟ ನಿನ್ನ ತಲಿಮ್ಯಾಲ ಐತಿ. ಏನ್ ಮಾಡಿದಿ ಇದನ್ನ?"

"ನಾ ಒಬ್ಬನ ಮಾಡೇನೇನು? ದಕ್ಷಿಣಕ್ಕ ಹೋದ್ರ ಮಂದಿ ಹೊಲ ಹೋಗ್ತಾವು."

"ಮಂದಿ ಹೊಲ ಅಲ್ಲ, ನಿನ್ನ ಹೊಲ ಅನ್ನು."

ಮುರಾರದಾನನ ಮುಖ ಬಿಗಿಯಿತು. ಒಳಗಿಂದ ಒಂದು ಕಾಗದ ತಂದು ಮಂಚದ ಮೇಲೆ ಹರವಿದ. "ನೋಡು. ಊರಿಗೆ ಊರೇ ಒಪ್ಪೇತಿ. ಎಪ್ಪತ್ತೊಂದು ಹೆಬ್ಬಟ್ಟು. ಓದಾಕಂತೂ ನಿನಗ ಬರೂದಿಲ್ಲ, ಎಣಿಸಿಕೋ."

ನಮ್ಮಪ್ಪ ನೆಲ ನೋಡಿದ. ಅವನದೂ ಅದರಲ್ಲಿತ್ತು. ಆ ರಸ್ತೆಯಿಂದ ನನಗೆ ಕೆಲಸ ಸಿಕ್ಕಿತು. ಹಾಗಾಗಿ ಬೇರೆಯವರನ್ನು ಬೈಯುವಾಗ ನನ್ನ ನಾಲಿಗೆಯೂ ಅರ್ಧಕ್ಕೇ ನಿಲ್ಲುತ್ತದೆ.

ಓಬಾರಾಮ ಎಣಿಸಲಿಲ್ಲ. ಬಗ್ಗಿ, ಮರಳಿನಲ್ಲಿ ಹೆಜ್ಜೆ ನೋಡುವವನ ಹಾಗೆ, ಒಂದೊಂದೇ ಗುರುತಿನ ಮೇಲೆ ಕಣ್ಣಾಡಿಸುತ್ತ ಹೋದ. ಮೂರನೆಯ ಸಾಲಿನಲ್ಲಿ ನಿಂತ. ಆ ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೀರಿತ್ತು. ಕುಡುಗೋಲು ತಗುಲಿದ ಗಾಯ ಒಣಗಿದ ಕಲೆ. ಆ ಗಾಯಕ್ಕೆ ಅರಿಸಿನ ಕಟ್ಟಿದವನು ಅವನೇ. ಆಮೇಲೆ ಎದ್ದು ಮನೆಗೆ ಬಂದ.

ಅವನ ಹೆಂಡತಿ ಧಾಪು ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಬೇಲಿಯೀಚೆ ನಮಗೆ ಪ್ರತಿಯೊಂದು ಮಾತೂ ಕೇಳಿಸಿತು.

"ತೀಜಾನ ಅವ್ವ, ನೀ ಹೆಬ್ಬಟ್ಟ ಒತ್ತೀಯೇನು?"

ರೊಟ್ಟಿ ಬಡಿಯುವ ಸದ್ದು ನಿಂತಿತು. "ಒತ್ತೇನಿ. ಬನ ಬೇಕಂದ್ರ ರಸ್ತಾ ಇಲ್ಲ, ಹತ್ತು ವರ್ಷ ಫೈಲು ಮ್ಯಾಲೇಳೂದಿಲ್ಲ ಅಂದ್ರು ಪಟವಾರಿ. ಇನ್ನೊಬ್ಬಾಕಿ ಮಗಳು ಗಾಡ್ಯಾಗ ಸಾಯೂದು ಬ್ಯಾಡ ಅಂತ ಒತ್ತೇನಿ."

"ಸುತ್ತಿ ಹೋದ್ರ ಅರ್ಧ ಹರದಾರಿ ಹೆಚ್ಚು, ಅಷ್ಟ. ಅಂವ ಸುಳ್ಳ ಹೇಳ್ಯಾನ. ನನ್ನ ಒಂದ್ ಮಾತು ಕೇಳಬಾರ್ದಿತ್ತೇನ?"

"ಕೇಳಿದ್ರ ನೀವು ಬನಾನ ಬೇಕು ಅಂತಿದ್ರಿ."

"ಅಂತಿದ್ನೇನ? ಅಕಿ ನನ್ನ ಮಗಳೂ ಹೌದಲ್ಲ..." ಎಂದ. ಮುಂದಿನದು ಕೇಳಿಸಲಿಲ್ಲ.

ರಸ್ತೆಯಾಯಿತು. ಬಸ್ಸು ಬಂತು. ಮುರಾರದಾನ ಎರಡು ಸಲ ರಾಜಿಗೆಂದು ಬಂದ. ಅವನಿಗೆ ಓಬಾರಾಮ ನೀರು ಕೊಡಿಸಿದ, ಮಾತಾಡಿಸಲಿಲ್ಲ. ಧಾಪುವಿನ ಜೊತೆ ಎಂದಿನಂತೆಯೇ ಇದ್ದ. ಅವಳು ಬಡಿಸಿದ್ದನ್ನು ಉಂಡ, ಅವಳಿಗೆ ಜ್ವರ ಬಂದರೆ ತಾನೇ ಸಜ್ಜೆಹಿಟ್ಟು, ಮಜ್ಜಿಗೆಯ ರಾಬಡಿ ಗಂಜಿ ಕಾಯಿಸಿದ. ಆ ಕಾಗದದ ಸುದ್ದಿ ಮಾತ್ರ ಎತ್ತಲಿಲ್ಲ. ಮರೆತಿದ್ದಾನೆ ಎಂದುಕೊಂಡರು ಊರವರು. ಧಾಪುವೂ ಹಾಗೇ ಅಂದುಕೊಂಡಿರಬೇಕು.

ಹನ್ನೊಂದು ವರ್ಷದ ಮೇಲೆ ಒಂದು ಬೆಳಿಗ್ಗೆ ಧಾಪುವಿಗೆ ಎದೆ ಹಿಡಿಯಿತು. ಓಬಾರಾಮ ಅವಳನ್ನು ಎತ್ತಿಕೊಂಡು ಬಂದು ನನ್ನ ಬಸ್ಸಿಗೆ ಹತ್ತಿದ. ಅವನು ಬಸ್ಸು ಹತ್ತಿದ್ದು ಅದೇ ಮೊದಲು. ಒಂದೂವರೆ ತಾಸಿಗೆ ಆಸ್ಪತ್ರೆ ಮುಟ್ಟಿದೆವು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ಎಂಟನೆಯ ದಿನ ಇಬ್ಬರೂ ನನ್ನ ಬಸ್ಸಿನಲ್ಲೇ ವಾಪಸಾದರು. ಬನದ ಹತ್ತಿರ ಬಂದಾಗ ಡ್ರೈವರು ರೂಢಿಯಂತೆ ವೇಗ ಹೆಚ್ಚಿಸಿದ. ಧಾಪು ಕಿಟಕಿಯಿಂದ ಗಂಡನ ಕಡೆ ತಿರುಗಿದಳು. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಗೆಲುವಿತ್ತು.

"ನೋಡಿದ್ರಿಲ್ಲ? ಈ ರಸ್ತಾ ಇರದಿದ್ರ ನಾ ಉಳೀತಿದ್ನೇನು? ಇನ್ನೂ ಇದರ ಮ್ಯಾಲ ಸಿಟ್ಟೈತೇನ?"

"ರಸ್ತಾದ ಮ್ಯಾಲ ನನಗ ಯಾವತ್ತೂ ಸಿಟ್ಟಿಲ್ಲ" ಎಂದ ಓಬಾರಾಮ, ಅವಳ ಹೆಗಲ ಮೇಲಿನ ಶಾಲು ಸರಿಪಡಿಸುತ್ತ. "ನಿನ್ನ ಮ್ಯಾಲ ಐತಿ."