ಒತ್ಬೇಡಿ ಸಾರ್

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವರು ಬಾಯಿ ಬಿಟ್ಟರೆ "ಆ ಲಿಂಕ್ ಒತ್ಬೇಡಿ" ಅನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಒತ್ಬೇಡಿ ಸಾರ್ ಆಗಿಬಿಟ್ಟಿದ್ದರು, ಸ್ವಂತ ಹೆಂಡತಿ ಬಾಗಿಲು ತಟ್ಟಿದರೂ "ಯಾರು, ಏನು ಕೆಲಸ?" ಎಂದು ಕೇಳಿಯೇ ಚಿಲಕ ತೆಗೆಯುವ ಆಸಾಮಿ. ಖಾತೆ ಬಂದ್ ಆಗಿದೆ, ಪಾರ್ಸೆಲ್ ನಿಂತಿದೆ ಅಂತ ತಾವೇ ಸುಳ್ಳು ಮೇಲ್ ಬರೆದು ಸಿಬ್ಬಂದಿಗೆ ಪರೀಕ್ಷೆಗೆಂದು ಕಳಿಸುವುದು, ಯಾರಾದರೂ ಒತ್ತಿದರೆ ಅವರ ಮೇಜಿನ ಮುಂದೆ ಹೋಗಿ ನಿಲ್ಲುವುದು. "ಅವಸರ ಮಾಡಿಸ್ತಿದಾರೆ ಅಂದ್ರೆ ಮೋಸ ಅಂತ ಗೊತ್ತಾಗಲ್ವೇನಮ್ಮ? ಪರಿಚಯ ಇಲ್ಲದ ಕಡೆಯಿಂದ ಬಂದದ್ದನ್ನ ಅಳಿಸಿಹಾಕಿ ಅಂತ ಇನ್ನೆಷ್ಟು ಬಡ್ಕೊಳ್ಳಲಿ?" ಬೈದಾದ ಮೇಲೆ ಚಹಾ ಕುಡಿಸುವವರೂ ಅವರೇ. ಅವರನ್ನು ಸಾಕಿ ಬೆಳೆಸಿದ ಅಕ್ಕ ಆಸ್ಪತ್ರೆ ಸೇರಿ, ಸುಲಭಕ್ಕೆ ಸಿಗದ ಗುಂಪಿನ ರಕ್ತ ಬೇಕಾದದ್ದು ಒಂದು ರಜೆಯ ದಿನ. ಅವರ ಫೋನು ಚಾರ್ಜಿಲ್ಲದೆ ಕೈಕೊಟ್ಟಿತ್ತು, ಎಲ್ಲರ ನಂಬರೂ ಅದರೊಳಗೇ. ನರ್ಸಮ್ಮನ ಫೋನು ಬೇಡಿ, ಅವಳದೇ ಮೇಲ್ ವಿಳಾಸದಿಂದ ಇಡೀ ಆಫೀಸಿಗೆ ಮೇಲ್ ಹಾಕಿದರು: "ತುಂಬಾ ಅರ್ಜೆಂಟು. ನಮ್ಮಕ್ಕನಿಗೆ ಓ ನೆಗೆಟಿವ್ ರಕ್ತ ಬೇಕು. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ." ಒಂದು ಕರೆಯೂ ಬರಲಿಲ್ಲ. ಬೇರೆ ಊರಿನಿಂದ ರಕ್ತ ತರಿಸುವಷ್ಟರಲ್ಲಿ ಅಕ್ಕ ಉಸಿರು ಬಿಟ್ಟಿದ್ದಳು. ಅವರು ಮತ್ತೆ ಕೆಲಸಕ್ಕೆ ಬಂದಾಗ, ಸುದ್ದಿ ತಿಳಿಯದ ಟೈಪಿಸ್ಟ್ ಹುಡುಗಿ ನಗುತ್ತಾ ಎದುರಾದಳು. "ಸಾರ್, ಈ ಸಲ ರಕ್ತದ ನಾಟಕ ಆಡಿದ್ರಲ್ಲ, ಒಬ್ಬರೂ ಬೀಳಲಿಲ್ಲ ನೋಡಿ! ನಂದೂ ಅದೇ ಗ್ರೂಪು, ಆದ್ರೂ ಫೋನ್ ಮಾಡಲಿಲ್ಲ." ಶಹಭಾಸ್ ಅನ್ನಿಸಿಕೊಳ್ಳಲು ಕಾದು ನಿಂತ ಆ ಮುಖವನ್ನು ನೋಡಿ, "ಜಾಣೆ ಕಣಮ್ಮ ನೀನು" ಎಂದು ತಮ್ಮ ಕುರ್ಚಿಯತ್ತ ನಡೆದರು.