ಅವಳು ನಿಲ್ಲಿಸಿದ ಪುಟ

ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನನ್ನ ಹೆಂಡತಿ ಅಲ್ಲೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ವಿದೇಶಿ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಪುಸ್ತಕ ಓದುವ ಯಂತ್ರವೊಂದನ್ನು ಅವಳಿಗೆ ಕೊಟ್ಟು ಹೋದ. ಮಾಗಡಿಯಲ್ಲಿ ಅಂಥದ್ದನ್ನು ನಾವು ಕಂಡಿರಲಿಲ್ಲ. ಮಕ್ಕಳ ಸ್ಲೇಟಿಗಿಂತ ಚಿಕ್ಕದು, ಹೊಳಪಿಲ್ಲದ ಪರದೆ. ಕತ್ತಲಲ್ಲಿ ಏನೂ ಕಾಣದು, ಥೇಟ್ ಕಾಗದದಂತೆ.

ಅವರೆಕಾಯಿ ಸುಲಿಯುತ್ತಾ ಒಮ್ಮೆ ಅವಳೇ ವಿವರಿಸಿದ್ದಳು. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು. ಒಂದೊಂದರಲ್ಲೂ ಎಣ್ಣೆಯಂಥ ದ್ರವ, ಅದರಲ್ಲಿ ಕಪ್ಪು, ಬಿಳಿ ಕಣಗಳು. ಕರೆಂಟು ಹಾಯಿಸಿದಂತೆ ಕೆಲವೆಡೆ ಕಪ್ಪು ಮೇಲೇಳುತ್ತದೆ, ಕೆಲವೆಡೆ ಬಿಳಿ. ಹಾಗೆ ಅಕ್ಷರ ಮೂಡುತ್ತದೆ.

"ಪುಟ ತಿರುವೋಕಷ್ಟೇ ಕರೆಂಟು ಬೇಕು ಕಣ್ರೀ. ಆಮೇಲೆ ಹಂಗೇ ನಿಂತಿರ್ತದೆ. ನಿಮ್ ಟಿವಿ ತರ ಕರೆಂಟ್ ಹೋದೇಟ್ಗೆ ಬಾಯ್ ಮುಚ್ಕಳಲ್ಲ."

"ಎಷ್ಟ್ ವರ್ಸ ಬತ್ತದೆ?"

"ಬಿಸ್ಲು, ಬಿಸಿ ತಾಗಿಸ್ಬಾರ್ದು, ಮೇಲೆ ಭಾರ ಇಕ್ಬಾರ್ದು. ನಿಮ್ಮಂಗೇ, ಒಸಿ ನಾಜೂಕು."

ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಬ್ಯಾಟರಿ ಮುಗಿದ ಯಂತ್ರದಲ್ಲಿ ಅವಳು ಕೊನೆಗೆ ಓದಿದ ಪುಟ ಹಾಗೇ ಇತ್ತು. ಇಂಗ್ಲಿಷ್ ಕತೆ. ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ಚಾರ್ಜ್ ಮಾಡಿದರೆ ಪರದೆ ತನ್ನನ್ನು ಒರೆಸಿಕೊಂಡು ಮತ್ತೆ ಬರೆಯುತ್ತದೆ. ಅದೇ ಪುಟ ಬಂದರೂ ಅದು ಅವಳ ಬೆರಳು ತಂದು ನಿಲ್ಲಿಸಿದ್ದಾಗಿರುವುದಿಲ್ಲ. ಬೀರುವಿನಲ್ಲಿ, ಅವಳ ಸೀರೆಗಳ ಮೇಲೆ ಇಟ್ಟುಕೊಂಡೆ.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಇಷ್ಟವಾದುದನ್ನೆಲ್ಲ ಅವರ ಪಟದ ಮುಂದೆ ಎಡೆ ಇಡುವುದು ನಮ್ಮ ಪದ್ಧತಿ. ನಾನು ತೆಂಗಿನಕಾಯಿ ತಂದು ಒಳಗೆ ಬರುವಷ್ಟರಲ್ಲಿ, ಮರಳವಾಡಿಯಿಂದ ಬಂದಿದ್ದ ಅತ್ತೆ ಹೊಸ ಸೀರೆ, ಕಜ್ಜಾಯದ ಜೊತೆ ಬೀರುವಿನಲ್ಲಿದ್ದ ಯಂತ್ರವನ್ನೂ ಪಟಕ್ಕೆ ಒರಗಿಸಿದ್ದರು. ದೀಪ ಪರದೆಗೆ ತಾಗಿಕೊಂಡೇ ಉರಿಯುತ್ತಿತ್ತು.

ಕಿತ್ತುಕೊಂಡೆ. ಕೈ ಸುಟ್ಟಿತು. ಪರದೆಯ ಕೆಳಭಾಗ ಕಂದಿಹೋಗಿತ್ತು. ಆ ಅರ್ಧ ಸಾಲು ಇರಲಿಲ್ಲ.

"ಯಾಕಪ್ಪಾ? ಅವ್ಳಿಗೆ ಊಟಕ್ಕಿಂತ ಇದೇ ಹೆಚ್ಚಾಗಿತ್ತಲ್ಲ ಅಂತ ಇಟ್ಟೆ." ಅತ್ತೆ ಹೆದರಿದ್ದರು.

ಅವಳು ಅವರ ಮಗಳೂ ಹೌದು.

"ಬಿಸಿಗೆ ಅಕ್ಷರ ಹೋಯ್ತು ಕಣತ್ತೆ."

"ಆರಿದ್ರೆ ಬತ್ತದಾ?"

ಇಬ್ಬರೂ ನೆಲದಲ್ಲಿ ಕೂತೆವು, ಯಂತ್ರ ನನ್ನ ತೊಡೆಯ ಮೇಲೆ. ಎಡೆಯ ಅನ್ನ ಆರಿತು. ಪರದೆಯೂ ಆರಿತು. ಅಕ್ಷರ ಏಳಲಿಲ್ಲ. ಅತ್ತೆ ಅದಕ್ಕೆ ಸೆರಗಿನಿಂದ ಗಾಳಿ ಬೀಸುತ್ತಲೇ ಇದ್ದರು. ನಾನು ಪರದೆಯನ್ನು ಅವರ ಕಡೆಗೆ ವಾಲಿಸಿ ಹಿಡಿದೆ.